ಮನೆಯಲ್ಲೇ ಮಾಡುವ ಮಣ್ಣಿನ ಕ್ರಿಸ್ಮಸ್ ಅಲಂಕಾರಗಳು: ಕುಸ್ವಾರ್ ತಟ್ಟೆಯ ಜೊತೆಗೊಂದು ಉಡುಗೊರೆ

ಆಗಮನ ಕಾಲ ಆರಂಭವಾಯಿತೆಂದರೆ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಕೆಲಸಗಳ ಸಾಲು ಶುರುವಾಗುತ್ತದೆ. ಗೋದಲಿಗೆ ಹಸಿರು ಬೇಕೆಂದು ತಟ್ಟೆಯಲ್ಲಿ ಭತ್ತ ಅಥವಾ ರಾಗಿ ಬಿತ್ತಬೇಕು. ಅಟ್ಟದಲ್ಲಿಟ್ಟ ನಕ್ಷತ್ರವನ್ನು ಇಳಿಸಿ ಬಲ್ಬು ಉರಿಯುತ್ತದೆಯೇ ಎಂದು ನೋಡಬೇಕು. ಹಬ್ಬ ಹತ್ತಿರವಾದಂತೆ ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿಗಳ ತಯಾರಿ. ಹಬ್ಬದ ದಿನ ಕುಸ್ವಾರ್ ತುಂಬಿದ ತಟ್ಟೆ ಜಾತಿ ಮತ ನೋಡದೆ ನೆರೆಮನೆಗಳಿಗೆ ಹೋಗುತ್ತದೆ.

ಆದರೆ ಇಂದು ಆ ತಟ್ಟೆ ತಲುಪುವ ಅನೇಕ ಮನೆಗಳಲ್ಲಿ ಸಿಹಿ ತಿನ್ನುವವರೇ ಇಲ್ಲ. ಮಕ್ಕಳು ಗಲ್ಫ್‌ನಲ್ಲೋ ಮುಂಬಯಿಯಲ್ಲೋ ಇದ್ದಾರೆ; ಮನೆಯಲ್ಲಿರುವ ಹಿರಿಯರಿಗೆ ಸಕ್ಕರೆ ಕಾಯಿಲೆ. ತಟ್ಟೆಯನ್ನು ಪ್ರೀತಿಯಿಂದ ಪಡೆದು, ಕೆಲಸಕ್ಕೆ ಬರುವವರಿಗೆ ಕೊಟ್ಟುಬಿಡುತ್ತಾರೆ. ಅಂಥವರಿಗೆ ಹಬ್ಬದ ನಂತರವೂ ಕಣ್ಣೆದುರು ಉಳಿಯುವಂಥ ಏನನ್ನಾದರೂ ಕೊಡಬಹುದೇ? ಕೈಯಿಂದಲೇ ಮಾಡಿದ, ಹೆಚ್ಚು ಖರ್ಚಿಲ್ಲದ, ಮಕ್ಕಳೂ ಸೇರಿ ಮಾಡಬಹುದಾದ ಮಣ್ಣಿನ ನಕ್ಷತ್ರ, ಗಂಟೆ, ದೇವದೂತ, ಪಾರಿವಾಳಗಳು ಇದಕ್ಕೊಂದು ಒಳ್ಳೆಯ ಉತ್ತರ.

ಇಂಥ ಅಲಂಕಾರಗಳನ್ನು ಮಾಡುವ ವಿಧಾನ ಅನೇಕ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ಚಳಿ ದೇಶಗಳ ಒಣ ಹವೆಗೆ ಬರೆದವು. ಅದರಂತೆ ಮಾಡಿದ ನಕ್ಷತ್ರ ಡಿಸೆಂಬರಿನಲ್ಲಿ ಚೆಂದವಾಗಿಯೇ ಇರುತ್ತದೆ. ಜೂನ್ ತಿಂಗಳ ಮಳೆ ಹಿಡಿದಾಗ ಬೆವರಲು ತೊಡಗುತ್ತದೆ. ಮೊಮ್ಮಗ ಕೊಟ್ಟದ್ದೆಂದು ಅಜ್ಜಿ ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟದ್ದು ಮುಂದಿನ ಹಬ್ಬಕ್ಕೆ ತೆರೆದಾಗ ಮೆತ್ತಗಿನ ಮುದ್ದೆಯಾಗಿರುತ್ತದೆ. ಆದುದರಿಂದ ನಮ್ಮ ಕರಾವಳಿಯಲ್ಲಿ ಮಾಡುವಾಗ ಯಾವ ಹಿಟ್ಟು, ಯಾವ ಮಣ್ಣು, ಯಾರಿಗೆ ಎಂಬುದನ್ನು ಮೊದಲೇ ಯೋಚಿಸಬೇಕು. ಈ ಲೇಖನದ ಉದ್ದೇಶವೂ ಅದೇ.

ಮಣ್ಣಿಗೂ ಕ್ರಿಸ್ಮಸ್‌ಗೂ ಇರುವ ನಂಟು

ಸಂತ ಫ್ರಾನ್ಸಿಸ್ ಅಸ್ಸಿಸಿಯವರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಕ್ರಿಸ್ತ ಜನನದ ದೃಶ್ಯವನ್ನು ಜನರ ಮುಂದಿಟ್ಟರು. ಅಲ್ಲಿ ಪ್ರತಿಮೆಗಳಿರಲಿಲ್ಲ, ಹುಲ್ಲು ತುಂಬಿದ ಗೋದಲಿ, ಜೀವಂತ ಎತ್ತು ಮತ್ತು ಕತ್ತೆ ಇದ್ದವು. ಅಂದಿನ ಜಗದ್ಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಲ್ಲಿ ಗೋದಲಿಯ ಅರ್ಥ ಮತ್ತು ಮಹತ್ವದ ಕುರಿತಾದ ಪ್ರೇಷಿತ ಪತ್ರಕ್ಕೆ ಸಹಿ ಹಾಕಿದರು. ಮನೆಮನೆಗಳಲ್ಲಿ ಗೋದಲಿ ಕಟ್ಟುವ ಸಂಪ್ರದಾಯ ಮುಂದುವರಿಯಬೇಕೆಂದು ಅದರಲ್ಲಿ ಪ್ರೋತ್ಸಾಹಿಸಿದ್ದಾರೆ.

ಮನೆಯ ಗೋದಲಿಗೆ ಮಣ್ಣಿನ ಬೊಂಬೆ ಬಂದ ಕಥೆಯಲ್ಲಿ ಫ್ರಾನ್ಸ್ ದೇಶದ ದಕ್ಷಿಣದ ಪ್ರೊವಾನ್ಸ್ ಪ್ರಾಂತ್ಯಕ್ಕೆ ದೊಡ್ಡ ಪಾಲಿದೆ. ಫ್ರೆಂಚ್ ಕ್ರಾಂತಿಯ ವರ್ಷಗಳಲ್ಲಿ ಚರ್ಚುಗಳು ಮುಚ್ಚಿದ್ದರಿಂದ ಅಲ್ಲಿನ ದೊಡ್ಡ ಗೋದಲಿಗಳನ್ನು ನೋಡುವ ಅವಕಾಶ ಜನರಿಗೆ ತಪ್ಪಿಹೋಯಿತು. ಆಗ ಮಾರ್ಸೇಲ್ ನಗರದ ಜಾನ್ ಲೂಯಿ ಲಾನ್ಯೆಲ್ (1764-1822) ಎಂಬ ಕುಶಲಕರ್ಮಿ, 1797ರ ಸುಮಾರಿಗೆ, ಅಚ್ಚಿನಲ್ಲಿ ಒತ್ತಿ ಮಣ್ಣಿನ ಪುಟ್ಟ ಬೊಂಬೆಗಳನ್ನು ಮಾಡತೊಡಗಿದ. ಬಡವರೂ ಕೊಂಡು ಮನೆಯಲ್ಲಿಡುವಷ್ಟು ಅಗ್ಗದವು. ಇವಕ್ಕೆ 'ಸಾಂತೊಂ' ಎಂದು ಹೆಸರು. 'ಪುಟ್ಟ ಸಂತ' ಎಂದರ್ಥ. ಮೀನು ಮಾರುವವಳು, ರೊಟ್ಟಿ ಸುಡುವವನು, ಕುರಿ ಕಾಯುವವನು ಹೀಗೆ ಊರಿನ ಜನರೆಲ್ಲ ಬೊಂಬೆಗಳಾಗಿ ಬಾಲಯೇಸುವಿನ ಬಳಿ ಬಂದು ನಿಂತರು. ಮಾರ್ಸೇಲ್‌ನಲ್ಲಿ ಇವುಗಳ ಸಂತೆ 1803ರಿಂದ ನಡೆದು ಬಂದಿದೆ. ಗಮನಿಸಬೇಕಾದ ಮಾತೆಂದರೆ, ಮೊದಲ ಸಾಂತೊಂಗಳು ಸುಡದೆ ಒಣಗಿಸಿ ಬಣ್ಣ ಹಚ್ಚಿದ ಹಸಿಮಣ್ಣಿನ ಬೊಂಬೆಗಳು. ಪ್ರೊವಾನ್ಸಿನ ಒಣ ಹವೆಯಲ್ಲಿ ಅದು ನಡೆಯಿತು. ನಮ್ಮಲ್ಲಿ ನಡೆಯದು.

ನಮ್ಮ ಕರಾವಳಿಗೂ ಮಣ್ಣಿನ ಕೆಲಸ ಹೊಸದಲ್ಲ. ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿಮಣ್ಣಿನಿಂದ ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ನಮ್ಮ ಮಣ್ಣು ಬೆಂಕಿ ಕಂಡರೆ ಎಷ್ಟು ಮಳೆಗಾಲಗಳನ್ನು ತಾಳಬಲ್ಲದು ಎಂಬುದಕ್ಕೆ ಹಳೆಯ ಮನೆಗಳ ಮಾಡೇ ಸಾಕ್ಷಿ.

ಆರಂಭಿಸುವ ಮೊದಲು ಮೂರು ಪ್ರಶ್ನೆಗಳು

ಯಾರಿಗೆ ಕೊಡುವುದು? ಎಲ್ಲಿ ತೂಗುವುದು? ಎಷ್ಟು ಕಾಲ ಉಳಿಯಬೇಕು? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಯಾವ ಹಿಟ್ಟು ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಚರ್ಚಿನ ಕ್ರಿಸ್ಮಸ್ ಟ್ರೀಗೆ ಮಕ್ಕಳು ತೂಗುವ, ಒಂದೇ ಹಬ್ಬಕ್ಕೆ ಸಾಕಾಗುವ ಅಲಂಕಾರವಾದರೆ ಉಪ್ಪು-ಮೈದಾ ಹಿಟ್ಟು ಸಾಕು. ವಾರ್ಡಿನ ಹಿರಿಯರಿಗೆ, ಅಸ್ವಸ್ಥರಿಗೆ ಕೊಡುವ, ಕೆಲವು ವರ್ಷವಾದರೂ ಉಳಿಯಬೇಕಾದ ಬಿಳಿ ನಕ್ಷತ್ರಗಳಿಗೆ ಅಡುಗೆ ಸೋಡಾದ ಹಿಟ್ಟು ಉತ್ತಮ. ಹೂವಿನ ದಳ, ದೇವದೂತರ ರೆಕ್ಕೆಯಂಥ ನಾಜೂಕು ಕೆಲಸಕ್ಕೆ ಫೆವಿಕಾಲ್ ಹಿಟ್ಟು. ಮದುವೆಯಾದ ಮಗಳಿಗೆ, ಗುರುದೀಕ್ಷೆ ಪಡೆದವರಿಗೆ, ಹೊರದೇಶದ ಬಂಧುಗಳಿಗೆ, ತಲೆಮಾರು ಉಳಿಯಲೆಂದು ಕೊಡುವುದಾದರೆ ಕುಂಬಾರರ ಮಣ್ಣನ್ನೇ ಬಳಸಿ ಆವೆಯಲ್ಲಿ ಸುಡಿಸಬೇಕು.

1) ಉಪ್ಪು-ಮೈದಾ ಹಿಟ್ಟು

ಬೇಕಾಗುವುದು: ಮೈದಾ 2 ಲೋಟ, ಪುಡಿ ಉಪ್ಪು 1 ಲೋಟ, ನೀರು ಮುಕ್ಕಾಲರಿಂದ 1 ಲೋಟ. ಲೋಟ ಯಾವುದಾದರೂ ಆಗಬಹುದು, ಆದರೆ ಎಲ್ಲದಕ್ಕೂ ಒಂದೇ ಲೋಟವಿರಲಿ. ಸಾಧಾರಣ ಲೋಟದ ಅಳತೆಗೆ ಅಂಗೈಯಗಲದ 30 ನಕ್ಷತ್ರಗಳಷ್ಟಾಗುತ್ತದೆ.

ಮೈದಾ ಮತ್ತು ಉಪ್ಪನ್ನು ಮೊದಲು ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, 8ರಿಂದ 10 ನಿಮಿಷ ನಾದಬೇಕು. ನಾದಿದಷ್ಟೂ ಬಿರುಕು ಕಡಿಮೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಕಲ್ಲುಪ್ಪು ಹಾಕುವುದಾದರೆ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ; ಇಲ್ಲವಾದರೆ ಹರಳು ಕಂಡಲ್ಲೆಲ್ಲ ಗುಳಿ ಬೀಳುತ್ತದೆ.

ನಮ್ಮಲ್ಲಿ ಅನೇಕರು ಕೇಳುವ ಪ್ರಶ್ನೆ: ಅಕ್ಕಿ ಹಿಟ್ಟು ಆಗುವುದಿಲ್ಲವೇ? ಆಗುವುದಿಲ್ಲ. ಮೈದಾದಲ್ಲಿರುವ ಅಂಟು ಅಕ್ಕಿ ಹಿಟ್ಟಿನಲ್ಲಿಲ್ಲ. ಒಣಗುವಾಗ ಒಡೆದು ಹೋಗುತ್ತದೆ. ಗೋಧಿ ಹಿಟ್ಟಿನಿಂದ ಮಾಡಬಹುದು, ಆದರೆ ಬಣ್ಣ ಕಂದು, ಮೇಲ್ಮೈ ತುಸು ಒರಟು.

ಈ ಹಿಟ್ಟಿನ ದೌರ್ಬಲ್ಯವನ್ನೂ ಹೇಳಬೇಕು. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒದ್ದೆಯಾಗುವುದು ಇದರಿಂದಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿ ಹೆಚ್ಚಿನ ದಿನಗಳಲ್ಲಿ ಈ ಮಿತಿಯ ಮೇಲೆಯೇ ಇರುತ್ತದೆ. ವಾರ್ನಿಶ್ ಎಷ್ಟೇ ಚೆನ್ನಾಗಿ ಹಚ್ಚಿದರೂ ಒಂದು ಸಣ್ಣ ಗೀರು ಸಾಕು, ಒಳಗಿನ ಉಪ್ಪು ನೀರು ಕುಡಿಯಲು. ಆದ್ದರಿಂದ ಉಪ್ಪು ಹಿಟ್ಟಿನ ಅಲಂಕಾರವನ್ನು ಉಡುಗೊರೆ ಕೊಡುವಾಗ ಅದು ಒಂದು ಹಬ್ಬದ ವಸ್ತು ಎಂದೇ ತಿಳಿದು ಕೊಡುವುದು ಒಳ್ಳೆಯದು.

2) ಅಡುಗೆ ಸೋಡಾ ಹಿಟ್ಟು

ಬೇಕಾಗುವುದು: ಅಡುಗೆ ಸೋಡಾ 2 ಲೋಟ, ಕಾರ್ನ್‌ಫ್ಲೋರ್ 1 ಲೋಟ, ನೀರು 1 ಕಾಲು ಲೋಟ.

ಇಲ್ಲಿ ಎರಡು ತಪ್ಪುಗಳಾಗುವುದುಂಟು. ಬೇಕಿಂಗ್ ಪೌಡರ್ ಬೇರೆ, ಅಡುಗೆ ಸೋಡಾ ಬೇರೆ. ಪೌಡರ್ ಹಾಕಿದರೆ ಹಿಟ್ಟು ಉಬ್ಬಿ ಕೆಡುತ್ತದೆ. ಹಾಗೆಯೇ ಕಾರ್ನ್‌ಫ್ಲೋರ್ ಎಂದರೆ ಸೂಪ್ ದಪ್ಪ ಮಾಡಲು ಬಳಸುವ ಬಿಳಿ ನುಣುಪು ಪುಡಿ. ರೊಟ್ಟಿ ಮಾಡುವ ಹಳದಿ ಮೆಕ್ಕೆಜೋಳದ ಹಿಟ್ಟಲ್ಲ.

ಮೂರನ್ನೂ ದಪ್ಪ ತಳದ ಪಾತ್ರೆಯಲ್ಲಿ ಗಂಟಿಲ್ಲದಂತೆ ಕದಡಿ, ಮಧ್ಯಮ ಉರಿಯಲ್ಲಿಟ್ಟು ಕೈಬಿಡದೆ ತಿರುವುತ್ತಿರಿ. ಮೊದಲು ಹಾಲಿನಂತಿದ್ದದ್ದು ಕೆಲವೇ ನಿಮಿಷಗಳಲ್ಲಿ ದಪ್ಪವಾಗಿ, ಬೇಯಿಸಿ ಹಿಸುಕಿದ ಬಟಾಟೆಯ ಹದಕ್ಕೆ ಬರುತ್ತದೆ. ಕೂಡಲೇ ಇಳಿಸಿ. ಹೆಚ್ಚು ಬೇಯಿಸಿದರೆ ಹಿಟ್ಟು ಉದುರುತ್ತದೆ. ತಟ್ಟೆಗೆ ಸುರಿದು ಒದ್ದೆ ಬಟ್ಟೆ ಮುಚ್ಚಿ ಪೂರ್ತಿ ತಣಿಯಲು ಬಿಟ್ಟು, ಆಮೇಲೆ ನಾದಿ. ಲಟ್ಟಿಸುವಾಗ ಮಣೆಗೆ ಕಾರ್ನ್‌ಫ್ಲೋರನ್ನೇ ಉದುರಿಸಿಕೊಳ್ಳಿ.

ಒಣಗಿದ ಮೇಲೆ ಇದು ಚೀನಾ ಪಿಂಗಾಣಿಯಂತೆ ಬೆಳ್ಳಗಿರುತ್ತದೆ. ಬಣ್ಣವೇ ಬೇಕಾಗಿಲ್ಲ. ಉಪ್ಪಿನಂತೆ ನೀರು ಹೀರುವುದಿಲ್ಲವಾದ್ದರಿಂದ ನಮ್ಮ ಹವೆಗೆ ಹೆಚ್ಚು ಹೊಂದುತ್ತದೆ. ಆದರೆ ನೆಲಕ್ಕೆ ಬಿದ್ದರೆ ಒಡೆಯುತ್ತದೆ. ತೆಳ್ಳಗಿನ ತುದಿಗಳುಳ್ಳ ಆಕಾರ ಬೇಡ.

3) ಫೆವಿಕಾಲ್ ಹಿಟ್ಟು

ಬೇಕಾಗುವುದು: ಫೆವಿಕಾಲ್‌ನಂಥ ಬಿಳಿ ಅಂಟು 1 ಲೋಟ, ಕಾರ್ನ್‌ಫ್ಲೋರ್ 1 ಲೋಟ, ಲಿಂಬೆರಸ ಅಥವಾ ವಿನೆಗರ್ 2 ದೊಡ್ಡ ಚಮಚ, ಅಡುಗೆ ಎಣ್ಣೆ 2 ದೊಡ್ಡ ಚಮಚ.

ಹಳೆಯ ನಾನ್‌ಸ್ಟಿಕ್ ಬಾಣಲೆಯಲ್ಲಿ ಎಲ್ಲವನ್ನೂ ಬೆರೆಸಿ ಸಣ್ಣ ಉರಿಯಲ್ಲಿ ತಿರುವಿ. ಸುಮಾರು 10 ನಿಮಿಷಗಳಲ್ಲಿ ಪಾತ್ರೆ ಬಿಟ್ಟು ಉಂಡೆಯಾಗುತ್ತದೆ. ಕಿಟಕಿ ತೆರೆದಿರಲಿ. ಕೈಗೆ ಎಣ್ಣೆ ಸವರಿ ಬಿಸಿಯಿರುವಾಗಲೇ ನಾದಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡಿ. ಮರುದಿನ ಕೆಲಸ ಮಾಡಿದರೆ ಒಳ್ಳೆಯದು. ಈ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು.

ಹಾಳೆಯಷ್ಟು ತೆಳ್ಳಗೆ ಎಳೆದರೂ ಹರಿಯದಿರುವುದು ಇದರ ಗುಣ. ಶಂಕರಪುರ ಮಲ್ಲಿಗೆಯ ಮೊಗ್ಗು, ಗುಲಾಬಿ, ಬಾಲಯೇಸುವಿನ ಪುಟ್ಟ ಬೆರಳುಗಳು ಇದರಲ್ಲಿ ಚೆನ್ನಾಗಿ ಮೂಡುತ್ತವೆ. ಒವನ್‌ನಲ್ಲಿಡಬಾರದು; ನೆರಳಿನಲ್ಲಿ 2-3 ದಿನ ಗಾಳಿಗೆ ಒಣಗಬೇಕು. ಒಣಗಿದಾಗ ತುಸು ಕುಗ್ಗುತ್ತದೆ, ಆದ್ದರಿಂದ ಬೇಕಾದ ಗಾತ್ರಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಮಾಡಿ.

4) ಕುಂಬಾರರ ಮಣ್ಣು

ಹದ ಮಾಡಿದ ಜೇಡಿಮಣ್ಣನ್ನು ಹತ್ತಿರದ ಕುಂಬಾರರಿಂದಲೇ ಕೇಳಿ ತರುವುದು ಸರಿಯಾದ ದಾರಿ. ಗದ್ದೆಯಿಂದಲೋ ಹೊಳೆಬದಿಯಿಂದಲೋ ನಾವೇ ಅಗೆದು ತಂದರೆ ಕಲ್ಲು, ಬೇರು, ಸುಣ್ಣದ ಚೂರು ಸೇರಿ ಸುಡುವಾಗ ಒಡೆಯುತ್ತದೆ. ಮಣ್ಣು ಕೊಡುವಾಗಲೇ, ತಮ್ಮ ಮಡಕೆಗಳ ಜೊತೆ ನಮ್ಮ ತುಂಡುಗಳನ್ನೂ ಆವೆಯಲ್ಲಿಟ್ಟು ಸುಟ್ಟುಕೊಡುವರೇ, ಮುಂದಿನ ಆವೆ ಯಾವಾಗ ಹಚ್ಚುತ್ತಾರೆ ಎಂದು ಕೇಳಿಕೊಳ್ಳಿ. ಆ ದಿನಕ್ಕೆ ಕನಿಷ್ಠ ಒಂದು ವಾರ ಮೊದಲು ನಿಮ್ಮ ಕೆಲಸ ಮುಗಿದಿರಬೇಕು. ಸುಟ್ಟುಕೊಟ್ಟದ್ದಕ್ಕೆ ತಕ್ಕ ಹಣ ಕೊಡುವುದನ್ನು ಮರೆಯಬಾರದು. ಇದು ಅವರ ಹೊಟ್ಟೆಪಾಡಿನ ಕಸುಬು.

ಮಣ್ಣನ್ನು ಚೆನ್ನಾಗಿ ತುಳಿದು ಅಥವಾ ನಾದಿ ಒಳಗಿನ ಗಾಳಿಯನ್ನು ಹೊರಹಾಕಬೇಕು. ತೂಗುವ ಅಲಂಕಾರದ ದಪ್ಪ 6 ಮಿಲಿಮೀಟರ್ ಇರಲಿ. ಬೊಂಬೆ ಮಾಡುವುದಾದರೆ ಒಳಗೆ ಟೊಳ್ಳು ಮಾಡಿ, ತಳದಲ್ಲೊಂದು ತೂತು ಬಿಡಿ. ದಪ್ಪ ಮುದ್ದೆಯ ಒಳಗೆ ತೇವ ಉಳಿದರೆ ಬೆಂಕಿಯಲ್ಲಿ ಆವಿಯಾಗಿ ಸಿಡಿಯುತ್ತದೆ. ಒಣಗುವಾಗಲೂ ಸುಡುವಾಗಲೂ ಮಣ್ಣು ಕುಗ್ಗುವುದರಿಂದ ದಾರದ ತೂತನ್ನು ದೊಡ್ಡದಾಗಿಯೇ ಕೊರೆಯಬೇಕು.

ಬಿಸಿಲಿನಲ್ಲಿ ಒಣಗಿಸಿದ ಮಣ್ಣನ್ನು ನೀರಿಗೆ ಹಾಕಿದರೆ ಮತ್ತೆ ಕೆಸರಾಗುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದ ಬೆಂಕಿಯಲ್ಲಿ ಅದರ ಸ್ವರೂಪವೇ ಬದಲಾಗುತ್ತದೆ, ಮತ್ತೆ ಕೆಸರಾಗುವುದಿಲ್ಲ. ಮನೆಯ ಒವನ್ 250 ಡಿಗ್ರಿಯ ಆಸುಪಾಸಿಗೆ ನಿಲ್ಲುತ್ತದೆ. ಹಾಗಾಗಿ ಮನೆಯಲ್ಲಿ 'ಸುಟ್ಟ' ಜೇಡಿಮಣ್ಣು ನಿಜವಾಗಿ ಸುಟ್ಟದ್ದಲ್ಲ, ಚೆನ್ನಾಗಿ ಒಣಗಿದ್ದು ಮಾತ್ರ.

ಕುಸ್ವಾರ್ ಮಾಡುವ ಕೈಗಳಿಗೆ ಇದು ಹೊಸ ಕೆಲಸವಲ್ಲ

ಕಿಡಿಯೊ ಮಾಡುವಾಗ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ತಿರುಗಿಸುತ್ತೇವೆ. ಅದೇ ಗೆರೆಗಳು ದೇವದೂತನ ರೆಕ್ಕೆಗೆ, ಕುರಿಮರಿಯ ಉಣ್ಣೆಗೆ, ಗೋದಲಿಯ ಹುಲ್ಲಿಗೆ ಒದಗುತ್ತವೆ. ನೆವ್ರಿಯ ಅಂಚು ಕತ್ತರಿಸುವ ಹಲ್ಲಿನ ಚಕ್ರದಿಂದ ಗಂಟೆಯ ಅಂಚು ಚೆಂದವಾಗುತ್ತದೆ. ತುಕ್ಡಿಯಂತೆ ಓರೆಯಾಗಿ ಕತ್ತರಿಸಿದ ತುಂಡುಗಳನ್ನು ಜೋಡಿಸಿದರೆ ನಕ್ಷತ್ರ. ಅಡುಗೆಗೆ ಮತ್ತೆ ಬೇಕಾದ ಉಪಕರಣಗಳನ್ನು ಉಪ್ಪು ಹಿಟ್ಟು, ಸೋಡಾ ಹಿಟ್ಟುಗಳಿಗೆ ಬಳಸಿ ತೊಳೆದಿಡಬಹುದು. ಅಂಟು ಮತ್ತು ಬಣ್ಣದ ಕೆಲಸಕ್ಕೆ ಮಾತ್ರ ಬೇರೆಯೇ ಇರಲಿ.

ಹಿಟ್ಟನ್ನು 5-6 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಎಲ್ಲ ಕಡೆ ಒಂದೇ ದಪ್ಪ ಬರಲು ಹಿಟ್ಟಿನ ಎರಡೂ ಬದಿಗೆ ಒಂದೇ ಅಳತೆಯ ಮರದ ಪಟ್ಟಿಗಳನ್ನಿಟ್ಟು ಲಟ್ಟಣಿಗೆಯನ್ನು ಅವುಗಳ ಮೇಲೆ ಉರುಳಿಸಿ. ಅಚ್ಚು ಇಲ್ಲದವರು ರಟ್ಟಿನಲ್ಲಿ ಆಕಾರ ಕತ್ತರಿಸಿ ಹಿಟ್ಟಿನ ಮೇಲಿಟ್ಟು ಚಾಕುವಿನಿಂದ ಸುತ್ತ ಕೊರೆಯಬಹುದು. ಜರಿಗಿಡದ ಎಲೆ, ಕ್ರೋಶಾ ಲೇಸು ಒತ್ತಿ ತೆಗೆದರೆ ಸುಂದರ ಗುರುತು ಉಳಿಯುತ್ತದೆ. ತುದಿಯಿಂದ ಒಂದು ಸೆಂಟಿಮೀಟರ್ ಒಳಗೆ ತಂಪು ಪಾನೀಯದ ಕೊಳವೆಯಿಂದ ತೂತು ಮಾಡಿ. ಎರಡು ತುಂಡು ಅಂಟಿಸುವಾಗ ಎರಡೂ ಕಡೆ ಗೀರು ಹಾಕಿ, ನೀರು ಸವರಿ ಒತ್ತಿ.

ಹಿಂಬದಿಯಲ್ಲಿ ಹಿಡಿಸೂಡಿಯ ಕಡ್ಡಿಯಿಂದ ಮಾಡಿದವರ ಹೆಸರು ಮತ್ತು ಇಸವಿ ಬರೆಯಿರಿ. ಮಗು ತಾನೇ ಬರೆದ ಸೊಟ್ಟ ಅಕ್ಷರವಾದರೆ ಇನ್ನೂ ಒಳ್ಳೆಯದು. ಪಡೆದವರು ಮುಂದೆ ಹುಡುಕಿ ಓದುವುದು ಅದನ್ನೇ.

ಒಣಗಿಸುವ ಕ್ರಮ

ಆತುರವೇ ಇಲ್ಲಿನ ದೊಡ್ಡ ಶತ್ರು. ಡಿಸೆಂಬರಿನ ಬಿಸಿಲು ಉಪ್ಪು ಹಿಟ್ಟಿಗೂ ಸೋಡಾ ಹಿಟ್ಟಿಗೂ ಸಾಕು. ಮೊದಲ ದಿನ ನೆರಳಿನಲ್ಲಿ, ಆಮೇಲೆ ಬೆಳಗ್ಗಿನ ಬಿಸಿಲಿನಲ್ಲಿ ಇಡಿ. ಹಪ್ಪಳ ಒಣಗಿಸುವಂತೆ ಬಟ್ಟೆ ಹಾಸಿದ ತಡಿ ಅಥವಾ ಜಾಲರಿಯ ಮೇಲಿಟ್ಟರೆ ಕೆಳಗಿನಿಂದಲೂ ಗಾಳಿಯಾಡುತ್ತದೆ. ದಿನಕ್ಕೆ ಎರಡು ಬಾರಿ ಮಗುಚಬೇಕು, ಇಲ್ಲವಾದರೆ ಅಂಚು ಮೇಲೇಳುತ್ತದೆ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗಿಡಬೇಕು. ಉಪ್ಪು ಹಿಟ್ಟಿಗೆ 3ರಿಂದ 5 ದಿನ, ಸೋಡಾ ಹಿಟ್ಟಿಗೆ 2 ದಿನ ಬೇಕಾಗುತ್ತದೆ.

ಒವನ್ ಇದ್ದವರು ಉಪ್ಪು ಹಿಟ್ಟನ್ನು 100 ಡಿಗ್ರಿಯಲ್ಲಿ 2-3 ಗಂಟೆ ಇಡಬಹುದು, ನಡುವೆ ಒಮ್ಮೆ ಮಗುಚಿ. ಹೆಚ್ಚು ಬಿಸಿ ಕೊಟ್ಟರೆ ಗುಳ್ಳೆಯೆದ್ದು ಕಂದಾಗುತ್ತದೆ. ಜೇಡಿಮಣ್ಣನ್ನು ಬಿಸಿಲಿಗೇ ಇಡಬಾರದು. ಪೂರ್ತಿ ನೆರಳಿನಲ್ಲಿ, ಮೊದಲೆರಡು ದಿನ ಬಟ್ಟೆ ಮುಚ್ಚಿ, ನಿಧಾನವಾಗಿ ಒಣಗಿಸಬೇಕು.

ಒಣಗಿತೇ ಎಂದು ತಿಳಿಯುವುದು ಹೇಗೆ? ಬೆರಳಿನಿಂದ ತಟ್ಟಿದರೆ ಬಿಲ್ಲೆಯಂತೆ ಸದ್ದಾಗಬೇಕು. ಕೆನ್ನೆಗೆ ತಾಗಿಸಿದರೆ ತಂಪೆನಿಸಿದಲ್ಲಿ ಒಳಗಿನ್ನೂ ತೇವವಿದೆ ಎಂದರ್ಥ. ಸಣ್ಣ ಬಿರುಕು ಕಂಡರೆ ಅದೇ ಹಿಟ್ಟನ್ನು ನೀರಿನಲ್ಲಿ ಪೇಸ್ಟ್ ಮಾಡಿ ತುಂಬಿ, ಮತ್ತೆ ಒಣಗಿಸಿ, ನುಣುಪು ಮರಳು ಕಾಗದದಿಂದ ಉಜ್ಜಿ.

ಬಣ್ಣ ಮತ್ತು ವಾರ್ನಿಶ್

ಮಕ್ಕಳ ಶಾಲೆಯ ಜಲವರ್ಣ ಬೇಡ. ಅದರ ನೀರು ಒಣಗಿದ ಹಿಟ್ಟನ್ನು ಮತ್ತೆ ಮೆತ್ತಗೆ ಮಾಡುತ್ತದೆ. ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಎರಡು ಬಾರಿ ಹಚ್ಚಿ. ಬಣ್ಣ ಒಂದು ದಿನ ಒಣಗಿದ ಮೇಲೆ ಪಾರದರ್ಶಕ ವಾರ್ನಿಶ್. ಮುಂಭಾಗಕ್ಕೆ ಮಾತ್ರ ಹಚ್ಚಿ ಬಿಡುವುದು ಸಾಮಾನ್ಯ ತಪ್ಪು. ಹಿಂಭಾಗ, ಅಂಚು, ದಾರದ ತೂತಿನ ಒಳಮೈ ಎಲ್ಲಕ್ಕೂ ಕನಿಷ್ಠ ಎರಡು ಕೋಟು ಬೀಳಬೇಕು. ತೇವ ನುಗ್ಗುವುದು ಬಿಟ್ಟ ಜಾಗದಿಂದಲೇ. ಒಳಗೆ ತೇವವಿರುವಾಗ ವಾರ್ನಿಶ್ ಹಚ್ಚಿದರೂ ಕೆಡುತ್ತದೆ. ಒಳಗಿನ ನೀರಿಗೆ ಹೊರಬರಲು ದಾರಿಯಿಲ್ಲದೆ ಬಿಳಿ ಉಪ್ಪು ಮೇಲೇಳುತ್ತದೆ. ಸುಟ್ಟ ಮಣ್ಣಿಗೆ ವಾರ್ನಿಶ್ ಬೇಕಾಗಿಲ್ಲ. ಅದರ ಹಂಚಿನ ಬಣ್ಣವೇ ಶೋಭೆ.

ಎಚ್ಚರಿಕೆ ವಹಿಸಬೇಕಾದ ವಿಷಯಗಳು

* ಉಪ್ಪು ಹಿಟ್ಟು ತಿಂಡಿಯಂತೆ ಕಂಡರೂ ತಿನ್ನುವಂಥದ್ದಲ್ಲ. ಸಣ್ಣ ಮಕ್ಕಳ ಬಾಯಿಗೆ ಹೋಗದಂತೆ ನೋಡಿ. ಕುಸ್ವಾರ್ ಮಾಡುವ ದಿನವೇ, ಅದೇ ಮೇಜಿನಲ್ಲಿ ಇದನ್ನು ಮಾಡಬೇಡಿ.
* ನಾಯಿ ಸಾಕಿದ ಮನೆಗಳಲ್ಲಿ ವಿಶೇಷ ಎಚ್ಚರ ಬೇಕು. ಹಿಟ್ಟಿನ ವಾಸನೆಗೆ ನಾಯಿ ಇದನ್ನು ಕಚ್ಚಿ ತಿನ್ನುತ್ತದೆ. ಒಮ್ಮೆಲೇ ಅಷ್ಟೊಂದು ಉಪ್ಪು ಹೋದರೆ ಜೀವಕ್ಕೇ ಅಪಾಯ. ಸೋಡಾ ಹಿಟ್ಟೂ ಸುರಕ್ಷಿತವಲ್ಲ. ತಿಂದದ್ದು ಗೊತ್ತಾದರೆ ಕೂಡಲೇ ಪಶುವೈದ್ಯರ ಬಳಿ ಕೊಂಡೊಯ್ಯಿರಿ. ಅಲಂಕಾರವನ್ನು ಎತ್ತರದಲ್ಲೇ ತೂಗಿ.
* ಉಪ್ಪು ಹಿಟ್ಟು, ಫೆವಿಕಾಲ್ ಹಿಟ್ಟುಗಳಿಂದ ಮೊಂಬತ್ತಿ ಇಡುವ ಸ್ಟ್ಯಾಂಡ್ ಮಾಡಬೇಡಿ. ವಾರ್ನಿಶ್ ಬೆಂಕಿ ಹಿಡಿಯುತ್ತದೆ. ದೀಪಕ್ಕೆ ಸುಟ್ಟ ಮಣ್ಣು ಮಾತ್ರ.
* ಶಿಶುವಿನ ಅಂಗೈ ಗುರುತು ತೆಗೆಯುವಾಗ ಕೈಯಲ್ಲಿ ಗಾಯವಿರಬಾರದು. ಒತ್ತಿದ ಕೂಡಲೇ ತೊಳೆಯಿರಿ.
* ವಾರ್ನಿಶ್ ಹಚ್ಚುವ ಕೆಲಸ ದೊಡ್ಡವರದ್ದು, ಅದೂ ಜಗಲಿಯಲ್ಲಿ, ಬೆಂಕಿಯಿಂದ ದೂರ.

ಚರ್ಚ್ ಮತ್ತು ವಾರ್ಡ್ ಮಟ್ಟದಲ್ಲಿ

ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ನಾಲ್ಕು ಭಾನುವಾರಗಳನ್ನೇ ಕೆಲಸದ ವೇಳಾಪಟ್ಟಿಯಾಗಿ ಮಾಡಿಕೊಳ್ಳಬಹುದು. ಮೊದಲ ವಾರ ಹಿಟ್ಟು ಮಾಡಿ ಆಕಾರ ಕತ್ತರಿಸುವುದು. ಎರಡನೆಯ ವಾರ ಪೂರ್ತಿ ಒಣಗಿಸಿ ಬಣ್ಣ. ಮೂರನೆಯ ವಾರ ವಾರ್ನಿಶ್ ಮತ್ತು ದಾರ. ನಾಲ್ಕನೆಯ ವಾರ ಹಂಚುವುದು. ಹಬ್ಬ ಸೋಮವಾರ ಬಂದ ವರ್ಷ ನಾಲ್ಕನೆಯ ವಾರ ಒಂದೇ ದಿನದ್ದಾಗಿರುತ್ತದೆ ಎಂಬುದು ನೆನಪಿರಲಿ. ಆವೆಯಲ್ಲಿ ಸುಡಿಸುವುದಾದರೆ ನವೆಂಬರ್ ಮೊದಲ ವಾರವೇ ಆರಂಭಿಸಬೇಕು.

ಕ್ರೈಸ್ತ ಶಿಕ್ಷಣದ ತರಗತಿಗಳಿಗೆ ಜೆಸ್ಸೆಯನ ವೃಕ್ಷ ಒಳ್ಳೆಯ ಯೋಜನೆ. ಯೆಶಾಯ ಪ್ರವಾದಿಯ ಗ್ರಂಥದ 11ನೇ ಅಧ್ಯಾಯದ ಆರಂಭದ ಮಾತನ್ನು ಆಧರಿಸಿ, ರಕ್ಷಣೆಯ ಇತಿಹಾಸವನ್ನು ದಿನಕ್ಕೊಂದು ಗುರುತಿನ ಮೂಲಕ ಒಂದು ಒಣ ಕೊಂಬೆಗೆ ತೂಗುತ್ತಾ ಹೋಗುವುದು ಇದರ ಕ್ರಮ. ನೋವನ ನಾವೆ, ಅಬ್ರಹಾಮನ ನಕ್ಷತ್ರಗಳು, ಯಕೋಬನ ಏಣಿ, ಜೋಸೆಫನ ಅಂಗಿ, ಮೋಶೆಯ ಕಲ್ಲಿನ ಹಲಗೆಗಳು, ದಾವೀದನ ಕಿರೀಟ, ಯೋನನ ಮೀನು ಹೀಗೆ ಒಂದೊಂದನ್ನು ಒಂದೊಂದು ಮಗುವಿಗೆ ಕೊಟ್ಟು, ಮಾಡುವ ಮೊದಲು ಆ ಕಥೆಯನ್ನು ಓದಿಸಬಹುದು. ಯೆರೆಮೀಯನ ಗ್ರಂಥದ 18ನೇ ಅಧ್ಯಾಯದಲ್ಲಿ ಪ್ರವಾದಿ ಕುಂಬಾರನ ಮನೆಗೆ ಹೋಗಿ, ಕೆಟ್ಟ ಪಾತ್ರೆಯನ್ನು ಆತ ಮತ್ತೆ ಮುದ್ದೆ ಮಾಡಿ ಹೊಸದಾಗಿ ರೂಪಿಸುವುದನ್ನು ನೋಡುತ್ತಾನೆ. ಕೈಯಲ್ಲಿ ಮಣ್ಣು ಹಿಡಿದ ಮಕ್ಕಳಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಾದ್ದೇ ಇಲ್ಲ.

ವಾರ್ಡುಗಳಲ್ಲಿ ಗುರಿಕಾರರ ಬಳಿ ಅಸ್ವಸ್ಥರ ಹಾಗೂ ಒಬ್ಬಂಟಿ ಹಿರಿಯರ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಮೊದಲು ನೋಡಿ, ಎಷ್ಟು ಮನೆಗಳೋ ಅಷ್ಟು ನಕ್ಷತ್ರಗಳನ್ನೂ, ಒಡೆದರೆ ಇರಲೆಂದು ಇನ್ನೈದನ್ನೂ ಮಾಡಿದರೆ ಸಾಕು. ಮಾಡಿದ ಮಗುವೇ ಹೋಗಿ ಕೊಡುವಂತಿರಲಿ. ಕೊಟ್ಟು ಬರುವುದಲ್ಲ, ಅದನ್ನು ತೂಗಿಸಿ ಬರಬೇಕು. ಮೊಳೆಯವರೆಗೆ ಕೈಯೆತ್ತಲಾಗದ ಹಿರಿಯರ ಮನೆಯಲ್ಲಿ ಆ ಐದು ನಿಮಿಷದ ಕೆಲಸವೂ ಉಡುಗೊರೆಯ ಭಾಗವೇ. ಮಂಚ ಬಿಟ್ಟೇಳದವರಿದ್ದರೆ ಅವರಿಗೆ ಮಲಗಿದಲ್ಲಿಂದಲೇ ಕಾಣುವ ಜಾಗವನ್ನು ಕೇಳಿ ತೂಗಿ.

ಕಟ್ಟಿ ಕಳುಹಿಸುವುದು, ಕಾಪಾಡುವುದು

ಒಂದೊಂದನ್ನೂ ಮೆತ್ತನೆಯ ಕಾಗದದಲ್ಲಿ ಸುತ್ತಿ ಗಟ್ಟಿ ರಟ್ಟಿನ ಡಬ್ಬಿಯಲ್ಲಿಡಿ. ಹೊರದೇಶಕ್ಕೆ ಕಳುಹಿಸುವುದಾದರೆ ಸುಟ್ಟ ಮಣ್ಣಿನದ್ದೇ ಒಳ್ಳೆಯದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳಲ್ಲಿ ಆಹಾರ ಮತ್ತು ಸಸ್ಯಮೂಲದ ವಸ್ತುಗಳ ಬಗ್ಗೆ ಕಟ್ಟುನಿಟ್ಟಿನ ನಿಯಮಗಳಿವೆ; ಮೈದಾದಿಂದ ಮಾಡಿದ್ದನ್ನು ಕಳುಹಿಸುವ ಮೊದಲು ವಿಚಾರಿಸಬೇಕು.

ಮೂವರು ರಾಯರ ಹಬ್ಬದ ನಂತರ ಗೋದಲಿ ಬಿಚ್ಚುವಾಗ ಅಲಂಕಾರಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಬಿಸಿಲು ತೋರಿಸಿ, ಬಿಗಿ ಮುಚ್ಚಳದ ಬಿಸ್ಕತ್ತಿನ ಡಬ್ಬಿಯಲ್ಲಿಡಿ. ಹೊಸ ಚೀಲ, ಚಪ್ಪಲಿಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಇದರಲ್ಲಿ ಹಾಕಿ. ಜಿರಳೆ, ಇರುವೆಗಳು ಹಿಟ್ಟಿನದ್ದನ್ನು ತಿನ್ನುವುದರಿಂದ ರಟ್ಟಿನ ಪೆಟ್ಟಿಗೆ ಬೇಡ. ಮಳೆಗಾಲದಲ್ಲಿ ಡಬ್ಬಿ ತೆರೆಯಬಾರದು. ಇಷ್ಟನ್ನು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಉಡುಗೊರೆಯ ಜೊತೆಯಲ್ಲೇ ಇಟ್ಟರೆ ಪಡೆದವರಿಗೆ ಅನುಕೂಲ.

ಅಂಗಡಿಯಲ್ಲಿ ಇದಕ್ಕಿಂತ ನುಣುಪಾದ, ಹೊಳೆಯುವ ನಕ್ಷತ್ರಗಳು ಸಿಗುತ್ತವೆ. ಅವುಗಳ ಹಿಂದೆ ಸೊಟ್ಟ ಅಕ್ಷರದ ಹೆಸರಿರುವುದಿಲ್ಲ. ಈ ಬಾರಿ ಕುಸ್ವಾರ್ ತಟ್ಟೆ ಹೊರಡುವಾಗ, ಸಿಹಿ ತಿನ್ನಲಾಗದವರನ್ನು ನೆನೆದು ಅಂಥದ್ದೊಂದನ್ನು ತಟ್ಟೆಯ ಅಂಚಿನಲ್ಲಿಡಿ. ಹಿಟ್ಟು ಕಲಸುವ ಕೆಲಸ ಮಾತ್ರ ಹಬ್ಬದ ಹಿಂದಿನ ದಿನಕ್ಕೆ ಬಿಡದೆ, ಆಗಮನ ಕಾಲದ ಮೊದಲ ವಾರವೇ ಆಗಲಿ.

ಸರ್ವರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು.